ಡಾಕ್ಟರ ಬುಕ್‌ಪ್ಲೇಟು: ಹಾವು, ಮೂಳೆ, ಚಿಪ್ಪು

[ತೆರೆಯ ಮೇಲೆ: ಹಳೇ ಪುಸ್ತಕದ ರಟ್ಟು ತೆರೆದುಕೊಳ್ಳುತ್ತದೆ. ಒಳಬದಿಗೆ ಅಂಟಿಸಿದ ಅಂಗೈಯಗಲದ ಚಿತ್ರ.]

ಪುಸ್ತಕದ ರಟ್ಟು ತೆರೆದ ಕೂಡಲೇ ಒಂದು ಅಸ್ಥಿಪಂಜರ ನಿಮ್ಮನ್ನೇ ನೋಡ್ತಾ ನಿಂತಿದ್ರೆ ಗಾಬರಿ ಆಗ್ಬೇಡಿ. ಆ ಪುಸ್ತಕ ಹಿಂದೆ ಯಾರೋ ಡಾಕ್ಟರದ್ದಾಗಿರಬಹುದು, ಅಷ್ಟೆ.

ಪುಸ್ತಕ ಯಾರದು ಅಂತ ಹೇಳೋಕೆ ರಟ್ಟಿನ ಒಳಬದಿಗೆ ಅಂಟಿಸೋ ಈ ಚೀಟಿಗೆ ಬುಕ್‌ಪ್ಲೇಟ್ ಅಂತಾರೆ. ಮೇಲೆ ‘ಎಕ್ಸ್ ಲಿಬ್ರಿಸ್’ ಅಂತ ಇರುತ್ತೆ, ಅಂದ್ರೆ ಲ್ಯಾಟಿನ್ನಲ್ಲಿ ‘ಇಂಥವರ ಪುಸ್ತಕಗಳಲ್ಲೊಂದು’. 15ನೇ ಶತಮಾನದ ಜರ್ಮನಿಯಲ್ಲಿ ಹುಟ್ಟಿದ ರೂಢಿ. 19ನೇ ಶತಮಾನದ ಕೊನೆಗೆ ಇದನ್ನ ಕೂಡಿಹಾಕೋದೇ ಒಂದು ಗೀಳಾಗಿ, 1891ರಲ್ಲಿ ಲಂಡನ್ನು, ಬರ್ಲಿನ್ನು ಎರಡೂ ಕಡೆ ಸಂಘಗಳೇ ಎದ್ದವು.

[ತೆರೆಯ ಮೇಲೆ: ಎಡಕ್ಕೆ ಒಂದು ಹಾವಿನ ಕೋಲು, ಬಲಕ್ಕೆ ಎರಡು ಹಾವಿನ ಕೋಲು.]

ಡಾಕ್ಟರ ಚೀಟಿಯಲ್ಲಿ ಹಾವಿಗೆ ಕೊರತೆ ಇಲ್ಲ. ಗ್ರೀಕರ ವೈದ್ಯದೇವತೆ ಅಸ್ಕ್ಲೆಪಿಯಸ್‌ನ ಕೋಲಿಗೆ ಸುತ್ತಿಕೊಂಡಿರೋದು ಒಂದೇ ಹಾವು. ಪೊರೆ ಬಿಟ್ಟು ಹೊಸದಾಗೋ ಪ್ರಾಣಿ. ಗುಣವಾಗೋದಕ್ಕೆ ಇದಕ್ಕಿಂತ ಒಳ್ಳೇ ಗುರುತು ಬೇಕೇ? ಆದ್ರೆ ಕೆಲವರು ಎರಡು ಹಾವು, ಮೇಲೆ ರೆಕ್ಕೆ ಇರೋ ಕೋಲು ಹಾಕಿಸಿಕೊಂಡಿದ್ದಾರೆ. ಅದು ಹರ್ಮಿಸ್‌ನದು, ವ್ಯಾಪಾರಿಗಳ ದೇವರು. ಅಮೆರಿಕದ ಸೇನೆಯ ವೈದ್ಯ ವಿಭಾಗ 1902ರಲ್ಲಿ ಅದನ್ನೇ ಸಮವಸ್ತ್ರಕ್ಕೆ ಹಾಕಿಕೊಂಡ ಮೇಲೆ ಗೊಂದಲ ಇನ್ನೂ ಬೆಳೀತು. ತಮಾಷೆ ಏನಂದ್ರೆ, ಸತ್ತವರನ್ನ ಪಾತಾಳಕ್ಕೆ ಕರ್ಕೊಂಡು ಹೋಗೋ ಕೆಲಸವೂ ಹರ್ಮಿಸ್‌ನದೇ. ಡಾಕ್ಟರ ಪುಸ್ತಕದಲ್ಲಿ ಅವನಿಗೇನು ಕೆಲಸವೋ!

ಹುಂಜ ಕಂಡ್ರೆ ಅದೂ ಅಸ್ಕ್ಲೆಪಿಯಸ್‌ನ ಲೆಕ್ಕಕ್ಕೇ. ಗುಣವಾದವರು ಅವನಿಗೆ ಒಪ್ಪಿಸ್ತಿದ್ದ ಹರಕೆ. ಹೆರಿಗೆ ಡಾಕ್ಟರಾದ್ರೆ ಮಗು ಹೊತ್ತ ಕೊಕ್ಕರೆ (ಯುರೋಪಿನ ಅಜ್ಜಿಕಥೆಗಳಲ್ಲಿ ಮಕ್ಕಳನ್ನ ತಂದುಕೊಡೋದು ಅದೇ), ಕಣ್ಣಿನವರಾದ್ರೆ ಕಣ್ಣು. ಇವುಗಳಲ್ಲಿ ನಂಗೇನೂ ಸ್ವಾರಸ್ಯ ಕಾಣಲ್ಲ, ಕ್ಲಿನಿಕ್ಕಿನ ಬೋರ್ಡನ್ನೇ ಚಿಕ್ಕದು ಮಾಡಿ ಅಂಟಿಸಿದ ಹಾಗೆ.

[ತೆರೆಯ ಮೇಲೆ: ಮರಳು ಗಡಿಯಾರ ಹಿಡಿದ ಅಸ್ಥಿಪಂಜರ.]

ಮೂಳೆಯ ಕಥೆ ಬೇರೆ. ಬುರುಡೆ, ಮರಳು ಗಡಿಯಾರ, ಕುಡುಗೋಲು ಹಿಡಿದ ಅಸ್ಥಿಪಂಜರ, ಇವೆಲ್ಲ ಯುರೋಪಿನ ಚಿತ್ರಕಲೆಯಲ್ಲಿ ಶತಮಾನಗಳಿಂದ ಸಾವಿನ ಗುರುತು. ಕೆಲವು ಚೀಟಿಗಳಲ್ಲಿ ವೈದ್ಯ ಆ ಅಸ್ಥಿಪಂಜರದ ಜೊತೆ ಮಲ್ಲಯುದ್ಧಕ್ಕೇ ಇಳಿದಿರ್ತಾನೆ. ಇನ್ನು ಕೆಲವದರಲ್ಲಿ ಅದು ಸುಮ್ಮನೆ ಅವನ ಬೆನ್ನ ಹಿಂದೆ ನಿಂತು, ಅವನು ಓದ್ತಿರೋ ಪುಸ್ತಕಾನೇ ಇಣುಕಿ ನೋಡ್ತಿರುತ್ತೆ. ನಂಗೆ ಈ ಎರಡನೇದೇ ಇಷ್ಟ. ಗೆಲ್ತೀನಿ ಅನ್ನೋ ಜಂಬ ಅಲ್ಲಿಲ್ಲ.

ಈಗ ಇನ್ನೊಂದು ಕೈ ನೋಡಿ.

[ತೆರೆಯ ಮೇಲೆ: ಎಕ್ಸ್-ರೇ ಕೈ, ಬೆರಳಲ್ಲಿ ಉಂಗುರ.]

1895ರ ಡಿಸೆಂಬರ್‌ನಲ್ಲಿ, ಎಕ್ಸ್-ರೇ ಕಂಡುಹಿಡಿದ ಜರ್ಮನ್ ವಿಜ್ಞಾನಿ ರಾಂಟ್ಜೆನ್ ತನ್ನ ಹೆಂಡತಿಯ ಕೈಯ ಎಕ್ಸ್-ರೇ ತೆಗೆದ. ಮೂಳೆ ಕಾಣುತ್ತೆ, ಉಂಗುರವೂ ಕಾಣುತ್ತೆ. ಅಲ್ಲೀವರೆಗೆ ಚಿತ್ರದಲ್ಲಿ ಮೂಳೆಗೈ ಅಂದ್ರೆ ಸತ್ತವರ ಕೈ. ಈ ಕೈಯಾದ್ರೋ ಬದುಕಿರೋ ಹೆಂಗಸಿನದು, ಚಿತ್ರ ತೆಗೆದಾದ ಮೇಲೆ ಎದ್ದು ಹೋಗಿ ಬೇರೆ ಕೆಲಸ ಮಾಡಿರುತ್ತೆ. ಆಮೇಲೆ ಎಕ್ಸ್-ರೇ ಡಾಕ್ಟರ ಚೀಟಿಗೆ ಇಂಥ ಕೈ ಬಂದಾಗ ಯಾರೂ ಅದನ್ನ ಸಾವು ಅಂತ ಓದಬೇಕಾಗಿರಲಿಲ್ಲ. ಮೂಳೆ ಅದೇ, ಅರ್ಥ ತಿರುಗಿಬಿದ್ದಿತ್ತು.

ಇನ್ನು ಡಾಕ್ಟರಿಕೆಯ ಸುಳಿವೇ ಕೊಡದ ಚೀಟಿಗಳೂ ಇವೆ. ಮನೋವಿಶ್ಲೇಷಣೆ ಹುಟ್ಟುಹಾಕಿದ ಡಾಕ್ಟರು ಫ್ರಾಯ್ಡ್‌ನ ಚೀಟಿಯಲ್ಲಿ, ಒಗಟು ಕೇಳೋ ಸ್ಫಿಂಕ್ಸ್ ಅನ್ನೋ ಹೆಣ್ಣುಮುಖ, ಸಿಂಹದ ಮೈಯ ಪ್ರಾಣಿಯ ಮುಂದೆ ಗ್ರೀಕ್ ಕಥೆಯ ಈಡಿಪಸ್ ನಿಂತಿದ್ದಾನೆ.

[ತೆರೆಯ ಮೇಲೆ: ನಾಟಿಲಸ್ ಚಿಪ್ಪು, ನಿಧಾನವಾಗಿ ಹತ್ತಿರಕ್ಕೆ.]

ಅಮೆರಿಕದ ಡಾಕ್ಟರು ಆಲಿವರ್ ವೆಂಡೆಲ್ ಹೋಮ್ಸ್ ಹಾರ್ವರ್ಡಿನಲ್ಲಿ 1847ರಿಂದ 1882ರವರೆಗೆ ಅಂಗರಚನಾಶಾಸ್ತ್ರ ಕಲಿಸಿದವರು. ಬುರುಡೆ, ಮೂಳೆ ಅವರ ದಿನದ ಸಾಮಾನು. ಆದ್ರೂ ಚೀಟಿಗೆ ಆರಿಸಿಕೊಂಡಿದ್ದು ನಾಟಿಲಸ್ ಅನ್ನೋ ಕಡಲಜೀವಿಯ ಚಿಪ್ಪು. ಕೆಳಗೆ ಲ್ಯಾಟಿನ್ ಸಾಲು: ‘ಪೆರ್ ಆಂಪ್ಲಿಯೋರಾ ಆಡ್ ಆಲ್ಟಿಯೋರಾ’. ‘ಹಿಗ್ಗುತ್ತಾ ಹಿಗ್ಗುತ್ತಾ ಮೇಲಕ್ಕೆ’ ಅನ್ನಬಹುದು. ಕವಿಯೂ ಆಗಿದ್ದ ಹೋಮ್ಸ್ ಇದೇ ಚಿಪ್ಪಿನ ಮೇಲೆ 1858ರಲ್ಲಿ ಪದ್ಯ ಬರೆದಿದ್ರು. ಮೈ ಬೆಳೆದ ಹಾಗೆ ಆ ಜೀವಿ ಮುಂದೆ ಇನ್ನೂ ದೊಡ್ಡ ಕೋಣೆ ಕಟ್ಟಿಕೊಂಡು, ಹಿಂದಿನದರ ಬಾಯಿಗೆ ಗೋಡೆ ಹಾಕುತ್ತೆ. ಅದು ವಾಸ ಮಾಡೋದು ಯಾವಾಗಲೂ ಕೊನೇ ಕೋಣೆಯಲ್ಲಿ, ಬಾಗಿಲು ತೆರೆದೇ ಇರೋದು ಅದೊಂದಕ್ಕೇ.