ಒಂದು ಸಿಗರೇಟು, ಎಷ್ಟು ದಮ್ಮು?

ಕೇಳುಗರೆಲ್ಲರಿಗೂ ನಮಸ್ಕಾರ.

ದಿನಕ್ಕೆ ಎಷ್ಟು ಸೇದುತ್ತೀರಿ? ಡಾಕ್ಟರು ಮೊದಲು ಕೇಳುವುದೇ ಇದನ್ನು. ಉತ್ತರವೂ ಲೆಕ್ಕದಲ್ಲೇ ಬರುತ್ತದೆ. ‘ಮೊದಲು ಇಪ್ಪತ್ತಿತ್ತು, ಈಗ ಐದಕ್ಕೆ ಇಳಿಸಿದ್ದೀನಿ’ ಅನ್ನುವವರ ಮುಖದಲ್ಲಿ ಒಂದು ಸಮಾಧಾನ ಕಾಣುತ್ತದೆ. ಆ ಸಮಾಧಾನ ಕೆಡಿಸಲು ನನಗೆ ಮನಸ್ಸಿಲ್ಲ. ಆದರೂ ಹೇಳಲೇಬೇಕು. ದೇಹ ಸಿಗರೇಟು ಎಣಿಸುವುದಿಲ್ಲ. ಎದೆಯೊಳಗೆ ಎಷ್ಟು ಹೊಗೆ ಇಳಿಯಿತು ಅನ್ನುವುದಷ್ಟೇ ಅದರ ಲೆಕ್ಕ.

ಹೊಗೆ ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿರುವ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಇಳಿದ ಹಾಗೆಲ್ಲ ಚಡಪಡಿಕೆ ಶುರು. ಚಟ ಹತ್ತಿದ ಮಿದುಳಿಗೆ ತನಗೆಷ್ಟು ಬೇಕು ಅಂತ ಚೆನ್ನಾಗಿ ಗೊತ್ತು. ಸಿಗರೇಟು ಕಡಿಮೆ ಸಿಕ್ಕಿದರೆ ಒಂದೊಂದರಿಂದಲೂ ಜಾಸ್ತಿ ಹೀರಿಸುತ್ತದೆ. ದಮ್ಮು ಉದ್ದವಾಗುತ್ತದೆ, ಹೊಗೆ ಆಳಕ್ಕೆ ಇಳಿಯುತ್ತದೆ, ಬುಡದವರೆಗೂ ಸೇದುತ್ತಾರೆ. ಯಾರೂ ಬೇಕಂತ ಮಾಡುವುದಲ್ಲ, ತಾನಾಗಿ ಆಗಿಬಿಡುತ್ತದೆ. ಹೀಗೆ ಎಳೆದಾಗ ನಿಕೋಟಿನ್ ಒಂದೇ ಬರುವುದಿಲ್ಲ ನೋಡಿ. ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಬೆಂಜೀನ್, ಫಾರ್ಮಾಲ್ಡಿಹೈಡ್, ತಂಬಾಕಿನಿಂದಲೇ ಹುಟ್ಟುವ ನೈಟ್ರೋಸಮೀನ್‌ಗಳು, ಎಲ್ಲವೂ ಅದೇ ದಮ್ಮಿನಲ್ಲಿ ಒಳಗೆ ಹೋಗುತ್ತವೆ. ಬುಡದ ಹತ್ತಿರದ ದಮ್ಮುಗಳಲ್ಲಂತೂ ಟಾರ್, ಅಂದರೆ ಹೊಗೆಯಲ್ಲಿರುವ ಅಂಟು ಅಂಟಾದ ಕಂದು ಪದಾರ್ಥ, ಇನ್ನೂ ಜಾಸ್ತಿ. ಯಾಕೆಂದರೆ ಮೊದಲು ಎಳೆದ ಹೊಗೆಯಿಂದ ತಂಬಾಕಿನಲ್ಲಿ ಕೂತ ಟಾರ್ ಬೆಂಕಿ ಹತ್ತಿರ ಬಂದಾಗ ಮತ್ತೆ ಹೊಗೆಗೆ ಸೇರುತ್ತದೆ.

ಹಾಗಾದರೆ ಟಾರ್ ಇಷ್ಟು, ನಿಕೋಟಿನ್ ಇಷ್ಟು ಅಂತ ಸಿಗರೇಟಿಗೆ ಅಂಕಿ ಕೊಡುತ್ತಿದ್ದರಲ್ಲ, ಅದು ಎಲ್ಲಿಂದ ಬಂತು? ಯಂತ್ರದಿಂದ. ಹಳೆಯ ಅಳತೆಯ ಪ್ರಕಾರ ಯಂತ್ರ ನಿಮಿಷಕ್ಕೆ ಒಂದೇ ಸಲ, 2 ಸೆಕೆಂಡು, 35 ಮಿಲಿಲೀಟರ್ ಹೊಗೆ ಎಳೆಯುತ್ತದೆ. ಅಷ್ಟು ಶಿಸ್ತಾಗಿ ಸೇದುವ ಮನುಷ್ಯ ಇದ್ದಾನಾ? ನಿಜವಾಗಿ ಸೇದುವವರು 50 ಮಿಲಿಲೀಟರ್ ಅಥವಾ ಅದಕ್ಕಿಂತ ಜಾಸ್ತಿ ಎಳೆಯುವುದು ಸಾಮಾನ್ಯ. ಒಂದು ನಿಮಿಷ ಕಾಯುವ ತಾಳ್ಮೆಯೂ ಇರುವುದಿಲ್ಲ.

‘ಲೈಟ್’, ‘ಮೈಲ್ಡ್’ ಅಂತ ಮಾರಿದ ಸಿಗರೇಟಿನ ಫಿಲ್ಟರನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಬಾಯಿಗಿಡುವ ತುದಿಯಿಂದ ಬೆರಳಗಲದಷ್ಟು ಹಿಂದೆ, ಕಾಗದದ ಸುತ್ತ ಸೂಜಿಮೊನೆಯಷ್ಟು ಸಣ್ಣ ತೂತುಗಳ ಸಾಲು ಕಾಣುತ್ತದೆ. ಎಳೆದಾಗ ಅಲ್ಲಿಂದ ಗಾಳಿ ಸೇರಿ ಹೊಗೆ ತೆಳುವಾಗುತ್ತದೆ. ಯಂತ್ರ ಆ ತೂತುಗಳನ್ನು ಮುಚ್ಚುವುದಿಲ್ಲ. ಮನುಷ್ಯನ ತುಟಿ, ಬೆರಳು ಮುಚ್ಚಿಬಿಡುತ್ತವೆ. ಸೇದಿ ಮುಗಿಸಿದ ತುಂಡಿನಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ. ತೂತು ತೆರೆದೇ ಇದ್ದರೆ ಕಂದು ಕಲೆ ಫಿಲ್ಟರಿನ ನಡುವೆ ಇರುತ್ತದೆ, ಅಂಚು ಬೆಳ್ಳಗೆ ಉಳಿಯುತ್ತದೆ. ಮುಚ್ಚಿದ್ದರೆ ಕಲೆ ಅಂಚಿನವರೆಗೂ ಹರಡಿರುತ್ತದೆ. ಇನ್ನು ಮುಚ್ಚದೆ ಸೇದಿದರೂ ಅಷ್ಟೇ. ತೆಳು ಹೊಗೆ ಗಂಟಲಿಗೆ ಉರಿಯುವುದಿಲ್ಲ ಅಂತ ಇನ್ನಷ್ಟು ಆಳಕ್ಕೆ ಎಳೆಯುತ್ತಾರೆ. ಶ್ವಾಸಕೋಶದಲ್ಲಿ ಅಡಿನೋಕಾರ್ಸಿನೋಮ ಅನ್ನುವ ಕ್ಯಾನ್ಸರಿನ ಅಪಾಯ ಹೆಚ್ಚಿರುವುದಕ್ಕೆ ಸಿಗರೇಟಿನ ವಿನ್ಯಾಸ ಬದಲಾದದ್ದೇ ಕಾರಣ ಅನ್ನುತ್ತದೆ ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ 2014ರ ವರದಿ. ಈ ತೂತಿನ ಫಿಲ್ಟರಿನ ಮೇಲೂ ಅದಕ್ಕೆ ಅನುಮಾನವಿದೆ. 2010ರಿಂದ ಅಲ್ಲಿ ‘ಲೈಟ್’ ಎಂದು ಬರೆದು ಮಾರುವ ಹಾಗೇ ಇಲ್ಲ.

ಬೆಳಗಿನ ಮೊದಲ ಸಿಗರೇಟು ಯಾವಾಗ ಅನ್ನುವುದೂ ಮುಖ್ಯ. ಇಬ್ಬರೂ ದಿನಕ್ಕೆ ಅಷ್ಟೇ ಸೇದುತ್ತಾರೆ ಅಂದುಕೊಳ್ಳಿ. ಒಬ್ಬರು ಎದ್ದ 5 ನಿಮಿಷದಲ್ಲೇ ಹಚ್ಚುತ್ತಾರೆ, ಇನ್ನೊಬ್ಬರು ಎಷ್ಟೋ ಹೊತ್ತು ಬಿಟ್ಟು. ಬೇಗ ಹಚ್ಚುವವರ ಮೂತ್ರದಲ್ಲಿ ನೈಟ್ರೋಸಮೀನಿನ ಗುರುತು ಸಾಮಾನ್ಯವಾಗಿ ಜಾಸ್ತಿ ಸಿಗುತ್ತದೆ. ರಾತ್ರಿಯಿಡೀ ನಿಕೋಟಿನ್ ಇಲ್ಲದೆ ಬಳಲಿದ ದೇಹ ಮೊದಲ ದಮ್ಮನ್ನು ಎಷ್ಟು ಆಸೆಯಿಂದ ಎಳೆಯಬಹುದು, ಊಹಿಸಿ.

ಹೃದಯದ ವಿಷಯ ಇನ್ನೂ ಕಠಿಣ. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ದಿನಕ್ಕೆ 20 ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಏರುತ್ತದೋ, ದಿನಕ್ಕೆ ಒಂದೇ ಸೇದುವವರಿಗೂ ಅದರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಏರುತ್ತದೆ. ಇಪ್ಪತ್ತರಲ್ಲಿ ಒಂದು ಭಾಗ ಅಲ್ಲ, ಅರ್ಧ!

ಕಷ್ಟಪಟ್ಟು ಐದಕ್ಕೆ ಇಳಿಸಿದವರ ಶ್ರಮವನ್ನು ನಾನು ಸಣ್ಣದು ಮಾಡುತ್ತಿಲ್ಲ. ಅಷ್ಟು ದೂರ ಬಂದವರು ಅಲ್ಲೇ ನಿಂತುಬಿಟ್ಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪೂರ್ತಿ ಬಿಟ್ಟರೆ ಹೊಗೆಯಿಂದ ರಕ್ತಕ್ಕೆ ಸೇರಿದ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಒಂದೆರಡು ದಿನದಲ್ಲೇ ಸಹಜ ಮಟ್ಟಕ್ಕೆ ಇಳಿಯುತ್ತದೆ. ನೈಟ್ರೋಸಮೀನಿನ ಗುರುತು ಅಳಿಯಲು ವಾರಗಟ್ಟಲೆ ಬೇಕು. ಹೊಗೆಯ ಜೊತೆ ಬಂದು ಮೂತ್ರಪಿಂಡದಲ್ಲಿ ಕೂತ ಕ್ಯಾಡ್ಮಿಯಂ ಅನ್ನುವ ವಿಷಲೋಹ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೇ ನಾಳೆ ನೋಡೋಣ ಅನ್ನಬೇಡಿ.

ಚಡಪಡಿಕೆ ಮೊದಲ ವಾರ ಜೋರಾಗಿರುತ್ತದೆ. 2ರಿಂದ 4 ವಾರದಲ್ಲಿ ತಗ್ಗುತ್ತಾ ಬರುತ್ತದೆ. ಆ ದಿನಗಳನ್ನು ದಾಟಲು ನಿಕೋಟಿನ್ ಗಮ್, ಪ್ಯಾಚ್ ಇವೆ. ಅವುಗಳಲ್ಲಿ ಹೊಗೆ ಇಲ್ಲ, ಟಾರ್ ಇಲ್ಲ. ಎದ್ದ 30 ನಿಮಿಷದೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಗಮ್ ಕೊಡುತ್ತಾರೆ, ಉಳಿದವರಿಗೆ 2. ನಿಮಗೆ ಯಾವುದು ಸರಿ ಅಂತ ಡಾಕ್ಟರನ್ನೇ ಕೇಳಿ. ನಮಸ್ಕಾರ.