ಒಗರು ಕರಗುವ ತನಕ

ನಮಸ್ಕಾರ. ಕೇಳುಗರಲ್ಲಿ ವೈನ್ ಮುಟ್ಟದವರೂ ಬಹಳ ಮಂದಿ ಇದ್ದೀರಿ ಎಂದು ಬಲ್ಲೆ. ಗಾಬರಿ ಬೇಡ, ಬಾನುಲಿಯಲ್ಲಿ ಯಾರ ಲೋಟಕ್ಕೂ ಏನನ್ನೂ ಬಗ್ಗಿಸಲು ಬರುವುದಿಲ್ಲ.

ಉತ್ತರ ಸ್ಪೇನಿನ ರಿಯೋಹಾ ಸೀಮೆಯಲ್ಲಿ, ಎಬ್ರೊ ನದಿಯ ಹತ್ತಿರ, ಆರೊ ಎಂಬ ಪುಟ್ಟ ಊರಿದೆ. ಬರೆಯುವಾಗ ಮೊದಲಲ್ಲಿ ಹಕಾರ ಉಂಟು, ಬಾಯಲ್ಲಿ ಇಲ್ಲ. ನಮ್ಮ ಕಡೆ ಕೆಲವರು ಹಾಲನ್ನು ಆಲು ಎನ್ನುವ ಹಾಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಹೇನಿನಂಥ ಹುಳು ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ಬೇರನ್ನು ಹಾಳು ಮಾಡಿತು. ಆಗ ಅಲ್ಲಿನ ವೈನಿಗೆ ಹೆಸರಾದ ಬೋರ್ಡೋ ಸೀಮೆಯ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಬಂದದ್ದು ಇಲ್ಲಿಗೆ. ರೈಲು ಆಗಲೇ ಬಂದಿತ್ತು. ಹಾಗಾಗಿ ಊರಿನ ಹಳೆಯ ವೈನ್ ಮನೆಗಳು ಹಲವು ಇವತ್ತಿಗೂ ರೈಲು ನಿಲ್ದಾಣದ ಸುತ್ತ ಒತ್ತೊತ್ತಾಗಿ ನಿಂತಿವೆ.

ಅಂಥ ಒಂದು ಮನೆಯ ನೆಲಮಾಳಿಗೆಗೆ ನನ್ನನ್ನು ಇಳಿಸಿದವರು ಎಪ್ಪತ್ತು ದಾಟಿದ ಹಿರಿಯರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಸ್ಪ್ಯಾನಿಷ್ ಬಾರದು. ನಡುವೆ ದುಭಾಷಿಯಾಗಿ ಒಬ್ಬ ಹೆಣ್ಣುಮಗಳು. ಗೋಡೆಯ ತುಂಬ ಕಪ್ಪು ಬೂಸಲು, ಮೂಲೆಮೂಲೆಗೂ ಜೇಡರ ಬಲೆ. ಗುಡಿಸುವುದಿಲ್ಲವೇ ಎಂದು ನನ್ನ ಮುಖವೇ ಕೇಳಿತೇನೋ. ಬಿರಡೆ ಕೊರೆಯುವ ಪತಂಗಗಳನ್ನು ಜೇಡಗಳು ತಿನ್ನುತ್ತವೆ, ಅವು ಸಂಬಳ ಕೇಳದ ಆಳುಗಳು ಎಂದರು.

ವೈನ್ ಸವಿಯುವಾಗ ಮೊದಲು ಬಿಳಿ, ಆಮೇಲೆ ಕೆಂಪು ಎಂಬುದು ವಾಡಿಕೆ. ಇವರು ಕೆಂಪನ್ನೇ ಮೊದಲು ಬಗ್ಗಿಸಿದರು. ಯಾಕೆಂದು ಹೇಳಲಿಲ್ಲ.

ಆ ಕೆಂಪಿನಲ್ಲಿ ಹೆಚ್ಚಿನ ಪಾಲು ಟೆಂಪ್ರನಿಯೊ ದ್ರಾಕ್ಷಿ. ಸ್ಪ್ಯಾನಿಷಿನಲ್ಲಿ ಟೆಂಪ್ರಾನೊ ಎಂದರೆ ಬೇಗ. ಬೇಗ ಹಣ್ಣಾಗುವ ತಳಿಯಾದ್ದರಿಂದ ಆ ಹೆಸರು. ಜೊತೆಗೆ ಗಾರ್ನಾಚ, ಒಂದಿಷ್ಟು ಗ್ರಾಸಿಯಾನೊ. ಲೋಟವನ್ನು ಮೂಗಿಗೆ ಹಿಡಿದೆ. ಕೊಬ್ಬರಿ! ನಮ್ಮಜ್ಜಿಯ ಕೊಬ್ಬರಿ ಡಬ್ಬದ ಮುಚ್ಚಳ ತೆಗೆದ ಹಾಗಾಯಿತು. ಭ್ರಮೆಯಲ್ಲ, ಅದಕ್ಕೆ ಕಾರಣವಿದೆ. ಇಲ್ಲಿನ ಹಳಬರು ಪೀಪಾಯಿಗೆ ಬಳಸುವುದು ಅಮೆರಿಕದ ಓಕ್ ಮರ; ತೆಂಗಿನ ವಾಸನೆ ಕೊಡುವ ಅಂಶ ಆ ಮರದಲ್ಲಿ ಹೆಚ್ಚು. ಒಂದೊಂದು ಪೀಪಾಯಿಗೆ 225 ಲೀಟರ್ ಹಿಡಿಯುತ್ತದೆ. ಆಗಾಗ ವೈನನ್ನು ಮೆಲ್ಲಗೆ ಬೇರೆ ಪೀಪಾಯಿಗೆ ಇಳಿಸಿ ಗಷ್ಟನ್ನು ಹಿಂದೆ ಬಿಡುತ್ತಾರೆ. ಮೇಣದಬತ್ತಿಯ ಬೆಳಕಿನಲ್ಲಿ ನೋಡುತ್ತಿದ್ದು, ರಸ ಮಸುಕಾದ ಕೂಡಲೇ ನಿಲ್ಲಿಸುತ್ತಾರೆ. ಕೊನೆಯಲ್ಲಿ ತಿಳಿಯಾಗಲೆಂದು ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು ಹಾಕುವುದು. ಹಳದಿ ಏನಾಗುತ್ತದೆ ಎಂದು ಕೇಳಿದೆ. 'ಅದನ್ನು ನನ್ನ ಹೆಂಡತಿಯನ್ನು ಕೇಳಿ' ಎಂದರು.

ಗುಟುಕು ಒಳಗೆ ಹೋದಾಗ ನಾಲಿಗೆಯ ಅಂಚು ತುಸು ಬಿಗಿಯಿತು. ಇದಕ್ಕೇನನ್ನುತ್ತೀರಿ ಎಂದು ಹಿರಿಯರು ಕೇಳಿದರು. ದುಭಾಷಿ ಇಂಗ್ಲಿಷಿನಲ್ಲಿ ತಡಕಾಡಿದಳು: ಒರಟು, ಒಣಕಲು, ಹಿಡಿತ. ನನಗೆ ತಡಕಾಡುವ ಪ್ರಮೇಯವೇ ಬರಲಿಲ್ಲ. ಒಗರು, ಎಂದೆ. ಬಾಳೆಕಾಯಿ, ನೆಲ್ಲಿಕಾಯಿ, ಎಳೆ ಅಡಿಕೆ ತಿಂದು ಬೆಳೆದವರಿಗೆ ಅದು ಉಪ್ಪು ಹುಳಿಗಳ ಸಾಲಿನಲ್ಲೇ ಕೂರುವ ರುಚಿ. ವೈನಿಗೆ ಅದು ಬರುವುದು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ, ಸ್ವಲ್ಪ ಮರದಿಂದ. ಮೊಟ್ಟೆಯ ಬಿಳಿ ಹಿಡಿದು ತಳಕ್ಕೆಳೆಯುವುದೂ ಅದನ್ನೇ. ಉಳಿದದ್ದನ್ನು ವರ್ಷಗಳು ನೋಡಿಕೊಳ್ಳುತ್ತವೆ. ಹಿರಿಯರು 'ಓಗಾರು, ಓಗಾರು' ಎಂದು ಎರಡು ಸಲ ಹೇಳಿಕೊಂಡರು.

ಈ ಕಾಯುವಿಕೆಗೆ ಅಲ್ಲಿ ಕ್ರಿಯಾನ್ಸ ಎನ್ನುತ್ತಾರೆ. ಮಗುವನ್ನು ಸಾಕಿ ಬೆಳೆಸುವುದಕ್ಕೂ ಅದೇ ಮಾತು. ಅತಿ ಹೆಚ್ಚು ಮಾಗಿಸಿದ ದರ್ಜೆಯಾದ ಗ್ರಾನ್ ರಿಸರ್ವ ಎಂದು ಚೀಟಿ ಅಂಟಿಸಬೇಕಾದರೆ ಕೆಂಪು ವೈನ್ ಕಡಿಮೆಯೆಂದರೆ 5 ವರ್ಷ ಮಾಗಬೇಕು, ಅದರಲ್ಲಿ 2 ವರ್ಷ ಮರದಲ್ಲಿ. ಇವರಿಗೆ ಆ ಲೆಕ್ಕ ಸಾಲದು. ನಾನು ಕುಡಿದದ್ದು ಪೀಪಾಯಿಯಲ್ಲೇ ಆರು ವರ್ಷ ಕಳೆದಿತ್ತು.

ಆಮೇಲೆ ಬಿಳಿ ಬಂತು. ಬಿಳಿ ಎನ್ನುವುದು ಹೆಸರಿಗಷ್ಟೆ, ಲೋಟದಲ್ಲಿದ್ದದ್ದು ಜೇನಿನ ಬಣ್ಣ. ವಿಯೂರ ದ್ರಾಕ್ಷಿ, ತುಸು ಮಾಲ್ವಸಿಯ, ಹತ್ತು ವರ್ಷಕ್ಕೂ ಮಿಕ್ಕಿದ ವಯಸ್ಸು. ಬಿಳಿ ವೈನನ್ನು ತಾಜಾ ಇರುವಾಗಲೇ ಕುಡಿದು ಮುಗಿಸಬೇಕೆಂದು ನಂಬಿದ್ದವನು ನಾನು. ಮೊದಲ ಗುಟುಕು, ನಿಜ ಹೇಳುತ್ತೇನೆ, ಹಿಡಿಸಲಿಲ್ಲ. ಕೆಟ್ಟಿದೆ ಎಂದೇ ಅನ್ನಿಸಿತು. ಹಿರಿಯರು ಸುಮ್ಮನೆ ಕೈ ಸನ್ನೆ ಮಾಡಿದರು: ತಡೆಯಿರಿ. ಕಾಲು ಗಂಟೆ ಬಿಟ್ಟು ಮತ್ತೆ ಕುಡಿದಾಗ ಹುರಿದ ಅಕ್ರೋಟ, ಒಣಗಿದ ಕಿತ್ತಳೆ ಸಿಪ್ಪೆ, ಜೇನುಮೇಣ. ಇಷ್ಟಾಗಿಯೂ ಸಿಹಿಯ ಸುಳಿವಿಲ್ಲ, ನಿಂಬೆಯಂಥ ಹುಳಿ ಅಷ್ಟು ವರ್ಷದ ಮೇಲೂ ಚುರುಕಾಗಿತ್ತು. ಕೆಂಪು ಇದರ ಮುಂದೆ ಹುಡುಗಾಟವಾಡುವ ಹೈದ. ಕೆಂಪನ್ನು ಮೊದಲು ಕೊಟ್ಟದ್ದೇಕೆಂದು ಆಗ ತಿಳಿಯಿತು.

ಸ್ಟೀಲಿನ ತೊಟ್ಟಿ, ತಂಪು ಯಂತ್ರ ಬಂದ ಮೇಲೆ ರಿಯೋಹಾದ ಬಿಳಿ ವೈನ್ ಬಹುಪಾಲು ತಿಳಿನೀರಿನ ಬಣ್ಣಕ್ಕೆ ತಿರುಗಿದೆ. ಬೇಗ ತಯಾರಾಗುತ್ತದೆ, ಬೇಗ ಖರ್ಚಾಗುತ್ತದೆ. ಅದೂ ರುಚಿಯೇ, ಬಿಸಿಲಿನ ಮಧ್ಯಾಹ್ನಕ್ಕೆ ಬಲು ಹಿತ. ಆದರೆ ಹೀಗೆ ವರ್ಷಗಟ್ಟಲೆ ಮಾಗಿಸಿದ ಬಿಳಿಯನ್ನು ಮಾಡುವ ಮನೆಗಳು ಈಗ ಕೆಲವೇ.

ಹೊರಡುವ ಮುಂಚೆ ಒಂದು ಪೀಪಾಯಿಯ ಬಾಯಿ ತೆಗೆದು, ಆ ವರ್ಷದ ಎಳೆಯ ಕೆಂಪನ್ನು ನನಗಿಷ್ಟು, ತಮಗಿಷ್ಟು ಬಗ್ಗಿಸಿದರು. ಕುಡಿದೆ, ಒಸಡು ಜುಮ್ಮೆಂದಿತು. ಅವರು ಮುಖ ಕಿವಿಚಿ ಬಕೆಟ್ಟಿಗೆ ಉಗಿದು, ದುಭಾಷಿಗೆ ಕಾಯದೆ ನೇರ ನನ್ನತ್ತ ತಿರುಗಿ 'ಓಗಾರು!' ಎಂದರು.

ನಮಸ್ಕಾರ.