ಮೊದಲು ನೀರನ್ನ ಕೇಳಿ: ಕಲ್ಪನೆಯ ಮ್ಯಾಪ್ ಬಿಡಿಸೋಕೆ ಶುರು ಮಾಡೋರ ಜೊತೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ. ಕಥೆ ಬರೆಯೋರು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಕಲ್ಪನಾಲೋಕದ ಆಟ ಆಡೋರು, ಸುಮ್ನೆ ಬಿಡಿಸೋದು ಇಷ್ಟ ಅಂತ ಬಂದಿರೋರು ಎಲ್ಲಾ ಇದೀರ, ಕೆಲವರ ಕೈಲಿ ಸ್ಕೆಚ್‌ಬುಕ್ ಆಗ್ಲೇ ತೆರೆದಿದೆ, ತುಂಬಾ ಖುಷಿ ಆಯ್ತು. ನಾನು ಆರು ಪಾಯಿಂಟ್ ಬರ್ಕೊಂಡು ಬಂದಿದೀನಿ. ಮೊದಲನೇದಕ್ಕೇ ಜಾಸ್ತಿ ಹೊತ್ತು ತಗೋತೀನಿ, ಅದು ಕೈಗೆ ಸಿಕ್ಕಿದ್ರೆ ಮಿಕ್ಕ ಐದು ಅದರ ಹಿಂದೇನೇ ಬರುತ್ತೆ ಅಂತ ನನ್ನ ನಂಬಿಕೆ.

ನಾನು ಮೊದಲ ಮ್ಯಾಪ್ ಬಿಡಿಸಿದ್ದು ಏಳನೇ ಕ್ಲಾಸಿನ ಬೇಸಿಗೆ ರಜೆಲಿ, ತೀರ್ಥಹಳ್ಳಿ ಕಡೆ ಅಜ್ಜನ ಮನೇಲಿ. ದೊಡ್ಡ ಡ್ರಾಯಿಂಗ್ ಶೀಟು, ಅದರ ತುಂಬಾ ಒಂದು ದ್ವೀಪ, ನಡುವೆ ಒಂದು ಕೆರೆ, ಆ ಕೆರೆಯಿಂದ ನಾಲ್ಕು ಹೊಳೆ ನಾಲ್ಕು ದಿಕ್ಕಿಗೆ. ಜೊತೆಗೆ ಇನ್ನೊಂದು ಹೊಳೆ, ಅದು ಈ ಕಡೆ ಸಮುದ್ರದಿಂದ ಹೊರಟು ಬೆಟ್ಟದ ಸಾಲು ದಾಟಿ ಆ ಕಡೆ ಸಮುದ್ರ ಸೇರುತ್ತೆ. ಮೂರು ದಿನ ಕೂತು ಮಾಡಿದ್ದು. ಅಜ್ಜ ತೋಟದಿಂದ ಬಂದು ಗುದ್ದಲಿ ಮೂಲೇಲಿಟ್ಟು, ಜಗಲಿ ಮೇಲೆ ಎಲೆಅಡಿಕೆ ಹಾಕ್ಕೊಳ್ತಾ ಅದನ್ನ ತುಂಬಾ ಹೊತ್ತು ನೋಡಿದ್ರು. ಆಮೇಲೆ, "ಚಂದ ಉಂಟು ಪುಟ್ಟಿ. ಈ ನೀರು ಯಾವ ಕಡೆಗೆ ಹೋಗ್ತದೆ?" ಅಂದ್ರು. ನಾನು ಬೆರಳಿಟ್ಟು ತೋರಿಸಿದೆ. "ಹಂಗಾರೆ ಇಲ್ಲಿ ಎತ್ತರ, ಅಲ್ಲಿ ತಗ್ಗು. ನಡುವೆ ಗುಡ್ಡ ಹತ್ತಿ ಇಳಿಯೋದು ಹ್ಯಾಂಗೆ?" ನನ್ನ ಹತ್ರ ಉತ್ತರ ಇರಲಿಲ್ಲ.

ಮಾರನೇ ದಿನ ಬೆಳಗ್ಗೆ ತೋಟಕ್ಕೆ ಕರ್ಕೊಂಡು ಹೋದ್ರು. ಎರಡು ಬುಟ್ಟಿ ಮಣ್ಣು ಸುರಿದು ಗುಡ್ಡೆ ಮಾಡಿ, ಮೇಲಿಂದ ಚೊಂಬಲ್ಲಿ ಸ್ವಲ್ಪ ಸ್ವಲ್ಪನೇ ನೀರು ಹಾಕಿದ್ರು. ನೋಡ್ತಾ ನೋಡ್ತಾ ಸಣ್ಣ ಸಣ್ಣ ಗೆರೆ ಬಿತ್ತು, ಎರಡು ಗೆರೆ ಸೇರಿ ಒಂದಾಯ್ತು, ಆ ಥರದ್ದು ಎರಡು ಸೇರಿ ಇನ್ನೂ ಅಗಲ ಆಯ್ತು, ಕೊನೆಗೆ ಎಲ್ಲಾ ಹೋಗಿ ಬಸಿಗಾಲುವೆಗೆ ಬಿತ್ತು. ಅಜ್ಜ ಗುಡ್ಡೆ ಮೇಲೆ ಬೆರಳಲ್ಲಿ ಒಂದು ಗುಳಿ ಮಾಡಿ ಅದಕ್ಕೆ ನೀರು ತುಂಬಿಸಿದ್ರು. ಅದು ನಾಲ್ಕು ಕಡೆಗೆ ಹರೀಲಿಲ್ಲ. ಅಂಚು ಎಲ್ಲಿ ಒಂದು ಕೂದಲಷ್ಟು ತಗ್ಗಿತ್ತೋ ಅಲ್ಲಿಂದ ಮಾತ್ರ ಹೊರಗೆ ಬಂತು. "ಕೆರೆ ಕೋಡಿ ಬೀಳೋದು ನೋಡಿದಿಯಲ್ಲ, ಸುತ್ತಾ ಬೀಳ್ತದಾ?" ಅಂದ್ರು. ಅಜ್ಜ ಓದಿದ್ದು ನಾಲ್ಕನೇ ಕ್ಲಾಸು. ಮ್ಯಾಪ್ ಬಗ್ಗೆ ಆಮೇಲೆ ನಾನು ಎಷ್ಟೋ ಓದಿದೀನಿ, ಆ ಎರಡು ಬುಟ್ಟಿ ಮಣ್ಣಿನಷ್ಟು ಯಾವುದೂ ಕಲಿಸಿಲ್ಲ.

ಅದಕ್ಕೇ ಹೇಳ್ತೀನಿ, ಪೆನ್ಸಿಲ್ ಇಡೋಕೆ ಮುಂಚೆ ನೀರನ್ನ ಕೇಳಿ. ಹೊಳೆ ಹುಟ್ಟೋದು ಎತ್ತರದಲ್ಲಿ, ದಾರೀಲಿ ಒಂದಕ್ಕೊಂದು ಸೇರ್ತಾ ಹೋಗುತ್ತೆ, ಸಾಮಾನ್ಯವಾಗಿ ಒಡೆಯಲ್ಲ. ಮರದ ಚಿತ್ರ ನೆನಪಿಟ್ಕೊಳ್ಳಿ, ಕೊಂಬೆಗಳು ಬೆಟ್ಟದ ಕಡೆ, ಬುಡ ಸಮುದ್ರದ ಕಡೆ. ಹೊಸಬರ ಹತ್ತು ಮ್ಯಾಪಲ್ಲಿ ಐದಾರರಲ್ಲಿ ಇದು ಉಲ್ಟಾ ಇರೋದನ್ನ ನೋಡಿದೀನಿ.

ಇದಕ್ಕೆ ಪಶ್ಚಿಮ ಘಟ್ಟದ ನಮ್ಮ ಗಂಗಾಮೂಲಕ್ಕಿಂತ ಒಳ್ಳೇ ಪಾಠ ಇಲ್ಲ. ತುಂಗಾ, ಭದ್ರಾ, ನೇತ್ರಾವತಿ, ಮೂರಕ್ಕೂ ಅದೇ ಬೆಟ್ಟ ತವರು ಅಂತೀವಿ. ಆದ್ರೆ ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಲ್ಲಿ ಅರಬ್ಬಿ ಸಮುದ್ರ ಸೇರ್ತಾಳೆ, ತುಂಗಾ ಭದ್ರಾ ಪೂರ್ವಕ್ಕೆ ತಿರುಗಿ ಕೂಡ್ಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆ ಜೊತೆ ಬಂಗಾಳ ಕೊಲ್ಲಿಗೆ ಹೋಗ್ತಾರೆ. ಮಳೆಹನಿ ಬೆಟ್ಟದ ಬೆನ್ನಿನ ಯಾವ ಮಗ್ಗುಲಿಗೆ ಬಿತ್ತು ಅನ್ನೋದರ ಮೇಲೆ ಸಮುದ್ರನೇ ಬೇರೆ ಆಗುತ್ತೆ. ನಿಮ್ಮ ಮ್ಯಾಪಲ್ಲೂ ಬೆಟ್ಟದ ಸಾಲು ಹಾಕಿದ ತಕ್ಷಣ ಆ ಬೆನ್ನಿನ ಗೆರೆ ತೆಳ್ಳಗೆ ಎಳೆದುಕೊಳ್ಳಿ, ಹೊಳೆಗಳು ಅದನ್ನ ಸುಲಭಕ್ಕೆ ದಾಟಬಾರದು.

ಹಾಂ, ಅಲ್ಲಿ ಕೈ ಎತ್ತಿದಾರೆ. ಶ್ರೀರಂಗಪಟ್ಟಣದಲ್ಲಿ ಹೊಳೆ ಒಡೆಯುತ್ತಲ್ಲ ಅಂತಿದೀರಾ? ಒಳ್ಳೇ ಪ್ರಶ್ನೆ, ಇದನ್ನ ಯಾರಾದ್ರೂ ಕೇಳ್ಲಿ ಅಂತ ಕಾಯ್ತಿದ್ದೆ. ನಿಜ, ಕಾವೇರಿ ಅಲ್ಲಿ ಕವಲೊಡೀತಾಳೆ, ಶಿವನಸಮುದ್ರದಲ್ಲೂ ಒಡೀತಾಳೆ, ಆದ್ರೆ ಸ್ವಲ್ಪ ದೂರ ಹೋಗಿ ಮತ್ತೆ ಒಂದಾಗ್ತಾಳೆ. ಪೂರ್ತಿ ಬೇರೆ ಬೇರೆ ಆಗೋದು ತಂಜಾವೂರಿನ ಕಡೆ, ಸಮುದ್ರ ಹತ್ರ ಬಂದು ನೆಲ ಚಪ್ಪಟೆ ಆದಾಗ. ನಿಮ್ಮ ಹೊಳೆ ಒಡೀಬಹುದು, ಯಾಕೆ ಒಡೀತು ಅಂತ ನಿಮಗೆ ಗೊತ್ತಿದ್ರೆ ಸಾಕು.

ನೀರಿನ ಇನ್ನೊಂದು ಮುಖ ಮಳೆ. ಆಗುಂಬೆಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುತ್ತೆ, ಅಲ್ಲಿಂದ ಕಾಗೆ ಹಾರೋ ದಾರೀಲಿ 200 ಕಿ.ಮೀ. ಒಳಗಿರೋ ಚಳ್ಳಕೆರೆಲಿ 500ರ ಆಸುಪಾಸು. ಘಟ್ಟ ಮೋಡ ತಡೆದು ಸಮುದ್ರದ ಕಡೆ ಮಗ್ಗುಲಲ್ಲೇ ಸುರಿಸಿಬಿಡುತ್ತೆ. ಹಾಗಾಗಿ ಕಾಡು ಎಲ್ಲಿ, ಬಯಲು ಎಲ್ಲಿ ಅಂತ ತಲೆ ಕೆಡಿಸ್ಕೊಳ್ಳಬೇಡಿ, ಮೂಲೇಲಿ ಗಾಳಿಗೆ ಒಂದು ಬಾಣ ಹಾಕಿ, ಗಾಳಿ ಸಮುದ್ರದಿಂದ ಬೀಸ್ತಿದ್ರೆ ಬೆಟ್ಟದ ಸಮುದ್ರದ ಕಡೆ ಕಾಡು, ಒಳನಾಡಿನ ಕಡೆ ಕುರಿ ಮೇಯೋ ಬಯಲು. ಅರ್ಧ ಮ್ಯಾಪ್ ಆಗೋಯ್ತು.

ನೀರನ್ನ ತಪ್ಪು ತಿಳ್ಕೊಂಡ್ರೆ ಏನಾಗುತ್ತೆ ಅಂತ ಒಂದು ನಿಜವಾದ ಕಥೆ ಹೇಳ್ತೀನಿ. ಜೇಮ್ಸ್ ರೆನೆಲ್ ಅಂತ, ಬಂಗಾಳದ ಸರ್ವೆ ಮಾಡಿದ ದೊಡ್ಡ ಭೂಗೋಳಗಾರ. 1798ರಲ್ಲಿ ಪಶ್ಚಿಮ ಆಫ್ರಿಕಾದ ಮ್ಯಾಪ್ ಮಾಡ್ತಾ, ನೈಜರ್ ನದಿ ಪೂರ್ವಕ್ಕೇ ಹೋಗಿ ಒಳನಾಡಲ್ಲೇ ಮುಗಿಯುತ್ತೆ, ದಕ್ಷಿಣದ ಸಮುದ್ರಕ್ಕೆ ಬರಲ್ಲ ಅಂತ ನಂಬಿದ್ದ. ಬರಲ್ಲ ಅಂದ್ರೆ ಅಡ್ಡ ಏನೋ ಇರಬೇಕಲ್ಲ? ಆ ಕಡೆ ಓಡಾಡಿ ಬಂದಿದ್ದ ಮುಂಗೋ ಪಾರ್ಕ್ ಅನ್ನೋ ಅನ್ವೇಷಕ ದೂರದಲ್ಲಿ ಬೆಟ್ಟ ಕಂಡೆ ಅಂದಿದ್ದನ್ನ ಹಿಡ್ಕೊಂಡು ಉದ್ದಕ್ಕೆ ಒಂದು ಬೆಟ್ಟದ ಸಾಲು ಎಳೆದ, ಕಾಂಗ್ ಪರ್ವತಗಳು. ಹೆಚ್ಚುಕಮ್ಮಿ ತೊಂಬತ್ತು ವರ್ಷ ಮ್ಯಾಪಿಂದ ಮ್ಯಾಪಿಗೆ ಆ ಪರ್ವತ ಕಾಪಿ ಆಗ್ತಾ ಬಂತು! ನೈಜರ್ ದಕ್ಷಿಣದ ಸಮುದ್ರಕ್ಕೇ ಸೇರುತ್ತೆ ಅಂತ 1830ರಲ್ಲೇ ಗೊತ್ತಾಗಿದ್ರೂ ಬೆಟ್ಟ ಹೋಗ್ಲಿಲ್ಲ. 1880ರ ದಶಕದ ಕೊನೇಲಿ ಫ್ರೆಂಚ್ ಅಧಿಕಾರಿಯೊಬ್ಬ ಅಲ್ಲಿಗೇ ಹೋಗಿ ನೋಡಿದ್ರೆ ಪರ್ವತನೇ ಇಲ್ಲ. ನನಗೆ ಇದರಲ್ಲಿ ಕಾಣೋದು ಇಷ್ಟು, ಹೊಳೆ ಎತ್ತ ಹೋಗುತ್ತೆ ಅಂತ ಒಮ್ಮೆ ತೀರ್ಮಾನ ಆದ್ರೆ ಬೆಟ್ಟ ಅದರ ಹಿಂದೆ ಬಂದು ನಿಲ್ಲುತ್ತೆ. ನಿಜದ ಮ್ಯಾಪಿಗೆ ಅದು ದೊಡ್ಡ ತಪ್ಪು, ಕಲ್ಪನೆಯ ಮ್ಯಾಪಿಗೆ ಅದೇ ದಾರಿ.

"ಕಲ್ಪನೆ ಅಂದ್ಮೇಲೆ ನಿಯಮ ಯಾಕೆ ಮೇಡಂ" ಅಂತ ಪ್ರತಿ ಸಲ ಒಬ್ಬರಾದ್ರೂ ಕೇಳ್ತಾರೆ. ನಮ್ಮ ಪುರಾಣದ ಭೂಗೋಳ ನೋಡಿ. ಏಳು ದ್ವೀಪ, ಏಳು ಸಮುದ್ರ, ಉಪ್ಪುನೀರು, ಕಬ್ಬಿನ ಹಾಲು, ಹೆಂಡ, ತುಪ್ಪ, ಮೊಸರು, ಹಾಲು, ಸಿಹಿನೀರು. ಮೊಸರಿನ ಸಮುದ್ರ! ಅನ್ನ ಒಂದು ತಗೊಂಡು ಹೋದ್ರೆ ಸಾಕು. ಆದ್ರೆ ಅಲ್ಲೂ ಲೆಕ್ಕ ಇದೆ, ಭಾಗವತದ ಪ್ರಕಾರ ಜಂಬೂದ್ವೀಪ ಒಂದು ಲಕ್ಷ ಯೋಜನ, ಅದನ್ನ ಸುತ್ತಿರೋ ಉಪ್ಪಿನ ಸಮುದ್ರನೂ ಅಷ್ಟೇ, ಮುಂದಿನ ದ್ವೀಪ ಅದರ ಎರಡರಷ್ಟು, ಹೀಗೆ. ಬೇಕಾದ್ರೆ ನಿಮ್ಮ ಲೋಕದಲ್ಲಿ ನೀರು ಮೇಲಕ್ಕೆ ಹರೀಲಿ, ಆಗ ಎಲ್ಲಾ ಹೊಳೆನೂ ಮೇಲಕ್ಕೇ ಹರೀಬೇಕು.

ಟೈಮ್ ತೋರಿಸ್ತಿದಾರೆ, ಬೇಗ ಹೋಗ್ತೀನಿ. ಊರುಗಳು. ಊರನ್ನ ಸುಮ್ನೆ ಚುಕ್ಕಿ ಚೆಲ್ಲಿದ ಹಾಗೆ ಹಾಕಬೇಡಿ. ನೀರು ಸಿಗೋ ಕಡೆ, ಹೊಳೆ ದಾಟೋ ಕಡೆ, ಸಂಗಮದಲ್ಲಿ, ಘಟ್ಟದ ಬುಡದಲ್ಲಿ ಊರು ಆಗುತ್ತೆ. ದೂರಕ್ಕೆ ಸಂತೆ ಲೆಕ್ಕ ಇಟ್ಕೊಳ್ಳಿ, ತಲೆ ಮೇಲೆ ಬುಟ್ಟಿ ಹೊತ್ಕೊಂಡು ನಡೆದು ಹೋಗಿ ಕತ್ತಲಾಗೋದ್ರೊಳಗೆ ವಾಪಸ್ ಬರೋಕೆ ಎಂಟು ಹತ್ತು ಕಿಲೋಮೀಟರ್, ಎತ್ತಿನಗಾಡಿಗೆ ಇಡೀ ದಿನಕ್ಕೆ ಇಪ್ಪತ್ತೈದು. ಕೊಡಗಲ್ಲಿ ಶನಿವಾರಸಂತೆ ಅಂತ ಊರೇ ಇದೆ, ಸೋಮವಾರಪೇಟೆ ಇದೆ. ವಾರದ ಹೆಸರಿಟ್ಟು ಐದು ಊರು ಹಾಕಿ ನೋಡಿ, ಅವುಗಳ ನಡುವೆ ರಸ್ತೆ ತಾನಾಗೇ ಕಾಣುತ್ತೆ.

ಹೆಸರು ಬಂತಲ್ಲ, ದಯವಿಟ್ಟು ನಮ್ಮ ಭಾಷೆಲೇ ಇಡಿ. ತರೀಕೆರೆ, ಹೊಳಲ್ಕೆರೆ, ಅರಸೀಕೆರೆ, ಹೊಳೆನರಸೀಪುರ, ಕೇಳಿದ್ರೇ ಅಲ್ಲಿ ನೀರು ಹೇಗಿದೆ ಗೊತ್ತಾಗುತ್ತೆ. ನೋಡಿ, ಮತ್ತೆ ನೀರಿಗೇ ಬಂದೆ. ಬರೆಯುವಾಗ ಒಂದು ಎಚ್ಚರ, ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತೆ, ಹೊಳೆ ಗೆರೆಗೆ ಅಂಟಿಸಿ ಬರೆದ್ರೆ ಒತ್ತು ಹೋಗಿ ನೀರಲ್ಲಿ ಬೀಳುತ್ತೆ. ಗೆರೆಯಿಂದ ಒಂದಕ್ಷರದಷ್ಟು ಜಾಗ ಬಿಟ್ಟು ಮೇಲೆ ಬರೀರಿ. ಹೆಸರು ಮೊದಲು ಪೆನ್ಸಿಲಲ್ಲಿ, ಅದರ ಸುತ್ತ ಕಾಡು ಆಮೇಲೆ.

ಬೆಟ್ಟಕ್ಕೆ ತಲೆಕೆಳಗಾದ ವಿ, ಒಂದು ಮಗ್ಗುಲಿಗೆ ಮಾತ್ರ ಗೀರು, ಎಲ್ಲಾ ಬೆಟ್ಟಕ್ಕೂ ಅದೇ ಮಗ್ಗುಲು. ಸಾಮಾನು ಎಚ್‌ಬಿ ಪೆನ್ಸಿಲ್, ರಬ್ಬರ್, ಕಪ್ಪು ಜೆಲ್ ಪೆನ್, ಅಷ್ಟೇ. ಇಂಕಾರ್ನೇಟ್ ಥರ ಸಾಫ್ಟ್‌ವೇರ್ ಇದೆ, ಬ್ರೌಸರಲ್ಲೇ ಫ್ರೀಯಾಗಿ ಶುರು ಮಾಡಬಹುದು, ಆದ್ರೆ ಮೊದಲ ಮೂರು ಮ್ಯಾಪ್ ಕೈಯಲ್ಲೇ ಮಾಡಿ. ಬಣ್ಣದ ಪಾಯಿಂಟ್ ಇವತ್ತು ಬಿಡ್ತೀನಿ.

ಈಗ ಎಲ್ಲರೂ ಒಂದೊಂದು ಹಾಳೆ ತಗೊಳ್ಳಿ. ಈ ಡಬ್ಬಿಲಿ ಅಕ್ಕಿ ಇದೆ, ಮುಂದಿನ ಸಾಲಿಂದ ಪಾಸ್ ಮಾಡಿ, ಒಂದು ಹಿಡಿ ಹಾಳೆ ಮೇಲೆ ಬಿಡಿ, ಬಿದ್ದ ಹಾಗೇ ಇರಲಿ, ಸರಿ ಮಾಡೋಕೆ ಹೋಗಬೇಡಿ. ಅಂಚಿನ ಸುತ್ತ ಪೆನ್ಸಿಲ್ ಓಡಿಸಿ, ಅದೇ ನಿಮ್ಮ ಕರಾವಳಿ. ಅಕ್ಕಿ ದಪ್ಪಗೆ ರಾಶಿ ಬಿದ್ದಿರೋ ಕಡೆ ಬೆಟ್ಟ ಅಂತ ಗುರುತು ಹಾಕ್ಕೊಳ್ಳಿ, ಆಮೇಲೆ ಅಕ್ಕಿ ವಾಪಸ್ ಡಬ್ಬಿಗೆ. ನಾನು ಒಬ್ಬೊಬ್ಬರ ಹತ್ರನೂ ಬರ್ತೀನಿ, ಬಂದು ಅಜ್ಜ ಕೇಳಿದ್ದನ್ನೇ ಕೇಳ್ತೀನಿ.